ಎಂಆರ್‌ಐನಲ್ಲಿ ಗಡ್ಡೆ ಕಂಡ ಮೇಲೂ ಬಯಾಪ್ಸಿ ಯಾಕೆ?

ಪ್ರಶ್ನೆ: ನಮ್ಮ ಅಣ್ಣನ ಮಿದುಳಿನಲ್ಲಿ ಗಡ್ಡೆ ಇರುವುದು ಎಂಆರ್‌ಐನಲ್ಲಿ ಸ್ಪಷ್ಟವಾಗಿ ಕಂಡಿದೆ. ಆದರೂ ಡಾಕ್ಟರು ಬಯಾಪ್ಸಿ (ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಆಗಲೇಬೇಕು ಎನ್ನುತ್ತಾರೆ. ಅದು ಎಂಥ ಗಡ್ಡೆ ಎಂದು ಸ್ಕ್ಯಾನ್‌ನಲ್ಲೇ ತಿಳಿಯುವುದಿಲ್ಲವೇ?

ಉತ್ತರ: ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ, ಪೂರ್ತಿ ಅಲ್ಲ. ಮಾಮೂಲಿ ಎಂಆರ್‌ಐ ಚಿತ್ರ ಮೂಡುವುದು ನಮ್ಮ ಮೈಯ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನಿಂದ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಸುತ್ತ ಎಷ್ಟು ಊತ ಇದೆ ಎಂಬುದು ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಒಳಗಿನ ಜೀವಕೋಶಗಳು ಏನು ಮಾಡುತ್ತಿವೆ ಎಂಬುದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಅದೇ ಯಂತ್ರದಲ್ಲಿ ಸ್ಪೆಕ್ಟ್ರೋಸ್ಕೋಪಿ ಎಂಬ ಪರೀಕ್ಷೆಯನ್ನೂ ಮಾಡಬಹುದು. ಅದರಲ್ಲಿ ಏರಿಳಿತದ ಗೆರೆಯೊಂದು ಬರುತ್ತದೆ. ಒಂದೊಂದು ಏರೂ ಒಂದೊಂದು ರಾಸಾಯನಿಕದ್ದು. ಮಿದುಳಿನ ಗಡ್ಡೆಗಳಲ್ಲಿ ಸಾಮಾನ್ಯವಾಗಿ ಕೋಲೀನ್ ಹೆಚ್ಚುತ್ತದೆ, ಆರೋಗ್ಯವಂತ ನರಕೋಶಗಳ ಗುರುತಾದ ಎನ್‌ಎಎ ಇಳಿಯುತ್ತದೆ. ಐಡಿಎಚ್ ಎಂಬ ಜೀನ್ ಕೆಟ್ಟಿರುವ ಗ್ಲಿಯೋಮಾಗಳಲ್ಲಿ (ಮಿದುಳಿನ ಒಂದು ಬಗೆಯ ಗಡ್ಡೆ) 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ತಲೆಬುರುಡೆ ತೆರೆಯದೆ ಅದನ್ನೂ ಗುರುತಿಸಬಹುದೆಂದು 2012ರಲ್ಲಿ ಸಂಶೋಧಕರು ತೋರಿಸಿದರು.

ನನಗೆ ಇನ್ನೂ ಹೆಚ್ಚು ಭರವಸೆ ಹುಟ್ಟಿಸುವುದು ಪೈರುವೇಟ್ ಸ್ಕ್ಯಾನ್. ಅನೇಕ ಕ್ಯಾನ್ಸರ್ ಕೋಶಗಳು ಆಮ್ಲಜನಕ ಧಾರಾಳವಾಗಿದ್ದರೂ ಸಕ್ಕರೆಯನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತವೆ. ಜರ್ಮನಿಯ ಆಟೋ ವಾರ್ಬರ್ಗ್ ಇದನ್ನು 1920ರ ದಶಕದಲ್ಲೇ ಕಂಡಿದ್ದರು. ಲ್ಯಾಕ್ಟೇಟ್ ಆಗುವ ಮುಂಚಿನ ಹಂತವೇ ಪೈರುವೇಟ್. ಕಾರ್ಬನ್-13 (ಇಂಗಾಲದ ತುಸು ಭಾರವಾದ ರೂಪ) ಸೇರಿಸಿದ ಪೈರುವೇಟನ್ನು ಸೊನ್ನೆಗಿಂತ ಸುಮಾರು 272 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣ್ಣಗಾಗಿಸಿ, ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿದರೆ ಎಂಆರ್‌ಐಗೆ ಸಿಗುವ ಅದರ ಸಂಕೇತ ಹತ್ತು ಸಾವಿರ ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಆಮೇಲೆ ಬಿಸಿ ದ್ರಾವಣದಲ್ಲಿ ಕರಗಿಸಿ, ಮೈಗೆ ಒಗ್ಗುವ ಹದಕ್ಕೆ ತಂದು, ತಡಮಾಡದೆ ರಕ್ತನಾಳಕ್ಕೆ ಚುಚ್ಚಬೇಕು. ಕೆಲವೇ ನಿಮಿಷಗಳಲ್ಲಿ ಆ ಬಲ ಇಳಿದುಹೋಗುತ್ತದೆ. ಸ್ಕ್ಯಾನ್ ಅಷ್ಟರೊಳಗೆ ಮುಗಿಯಬೇಕು. ಇದರಲ್ಲಿ ವಿಕಿರಣಶೀಲ ವಸ್ತು ಇಲ್ಲ. ಪೈರುವೇಟ್ ಎಲ್ಲೆಲ್ಲಿ ಎಷ್ಟು ಬೇಗ ಲ್ಯಾಕ್ಟೇಟ್ ಆಗುತ್ತಿದೆ ಎಂಬ ನಕ್ಷೆಯೇ ಸಿಗುತ್ತದೆ.

ಮನುಷ್ಯರ ಮೇಲಿನ ಮೊದಲ ಪ್ರಯೋಗ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 31 ಮಂದಿಯ ಮೇಲೆ ನಡೆಯಿತು, 2013ರಲ್ಲಿ ಪ್ರಕಟವಾಯಿತು. 2020ರಲ್ಲಿ ಕೇಂಬ್ರಿಜ್‌ನವರು ಸ್ತನ ಕ್ಯಾನ್ಸರ್‌ನ ಏಳು ಮಂದಿಯನ್ನು ಹೀಗೆ ಪರೀಕ್ಷಿಸಿದ ವರದಿ ಬಂತು. ಪೈರುವೇಟ್ ಲ್ಯಾಕ್ಟೇಟ್ ಆಗುವ ವೇಗ ರೋಗಿಯಿಂದ ರೋಗಿಗೆ ಬೇರೆಯಾಗಿತ್ತು, ಒಂದೇ ಗಡ್ಡೆಯ ಒಳಗೂ ಎಲ್ಲ ಕಡೆ ಒಂದೇ ಆಗಿರಲಿಲ್ಲ.

ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಗಡ್ಡೆ ಎಂದರೆ ಒಂದೇ ಬಗೆಯ ಕೋಶಗಳ ಮುದ್ದೆಯಲ್ಲ. ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳಿನ ಗಡ್ಡೆಯ ನಡುಭಾಗ ಎಷ್ಟೋ ಸಲ ಸತ್ತಿರುತ್ತದೆ, ಅಂಚು ಭರದಿಂದ ಬೆಳೆಯುತ್ತಿರುತ್ತದೆ. ಬಯಾಪ್ಸಿಯ ಸೂಜಿ ಸತ್ತ ಭಾಗಕ್ಕೆ ಹೋದರೆ ವರದಿಯಲ್ಲಿ ಏನೂ ಸಿಗದೆ ಹೋಗಬಹುದು, ಅಥವಾ ರೋಗ ಇದ್ದದ್ದಕ್ಕಿಂತ ಸೌಮ್ಯವಾಗಿ ಕಾಣಬಹುದು. ಸೂಜಿಗೆ ಸಿಗುವುದು ಚಿಕ್ಕ ಚೂರು; ಎಂಆರ್‌ಐ ಇಡೀ ಗಡ್ಡೆಯನ್ನು ನೋಡುತ್ತದೆ, ಆದರೆ ಕೋಶದ ರೂಪ, ಅದರ ಜೀನ್‌ಗಳು ಅದಕ್ಕೆ ನೇರವಾಗಿ ಕಾಣುವುದಿಲ್ಲ. ಯಾವ ಔಷಧ ಹಿಡಿಯುತ್ತದೆ ಎಂದು ತೀರ್ಮಾನಿಸಲು ಆ ಚೂರೇ ಬೇಕು.

ಪೈರುವೇಟ್ ಸ್ಕ್ಯಾನ್ ಇನ್ನೂ ಸಂಶೋಧನೆಯ ಹಂತದಲ್ಲಿದೆ; ಅದಕ್ಕಾಗಿ ಚಿಕಿತ್ಸೆ ತಡಮಾಡಬೇಡಿ. ಡಾಕ್ಟರನ್ನು ಇಷ್ಟು ಕೇಳಿ: ಸೂಜಿ ಹಾಕುವ ಜಾಗವನ್ನು ಹೇಗೆ ಆರಿಸುತ್ತೀರಿ, ಸ್ಪೆಕ್ಟ್ರೋಸ್ಕೋಪಿಯೋ ರಕ್ತ ಹರಿವಿನ ಎಂಆರ್‌ಐಯೋ ಮಾಡಿಸಿದರೆ ಆ ಆಯ್ಕೆಗೆ ಅನುಕೂಲವಾದೀತೇ?