ಕಥೆಯ ಹೊರಗೆ ನಿಂತು ಬರೆಯುವುದು: ‘ದಿ ಹಾಬಿಟ್’ ವಿಕಿಪೀಡಿಯ ಲೇಖನಕ್ಕೆ ಒಂದು ಅಧ್ಯಯನ ಟಿಪ್ಪಣಿ

ವಿಕಿಪೀಡಿಯದಲ್ಲಿ ಕಾದಂಬರಿಯ ಲೇಖನ ತಿದ್ದಲು ಕೂತವರು ಮೊದಲು ಕೈ ಹಾಕುವುದು ಕಥೆಗೆ. ಇಷ್ಟದ ಪುಸ್ತಕ, ಕಥೆ ಬಾಯಿಪಾಠ, ಹಾಗಾಗಿ ಮನಸ್ಸು ಅಲ್ಲಿಗೇ ಓಡುತ್ತದೆ. ಫ್ಯಾಂಟಸಿ ಕಾದಂಬರಿಯಾದರಂತೂ ಕೇಳುವುದೇ ಬೇಡ. ನಕ್ಷೆ, ವಂಶಾವಳಿ, ಖಡ್ಗಗಳ ಹೆಸರು, ಯುದ್ಧದಲ್ಲಿ ಯಾರು ಯಾರನ್ನು ಕೊಂದರು, ಎಲ್ಲವೂ ಬಂದು ಸೇರುತ್ತವೆ. ಕೊನೆಗೆ ಲೇಖನದ ಮುಕ್ಕಾಲು ಪಾಲು ಕಥೆಯೇ ಆಗಿರುತ್ತದೆ. ಪುಸ್ತಕ ಹೇಗೆ ಹುಟ್ಟಿತು, ಹೇಗೆ ಅಚ್ಚಾಯಿತು, ಓದಿದವರು ಏನಂದರು ಎನ್ನುವುದಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು.

ವಿಶ್ವಕೋಶ ಓದಲು ಬರುವವರಿಗೆ ಬೇಕಾದದ್ದು ಪುಸ್ತಕದ ಬಗ್ಗೆ ಮಾಹಿತಿ. ಕಥೆ ಅದರ ಒಂದು ಭಾಗ ಅಷ್ಟೇ. ಇದನ್ನು ವಿವರಿಸಲು ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’ ಕಾದಂಬರಿಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಬಿಲ್ಬೊ ಎಂಬ ಹಾಬಿಟ್, ಅಂದರೆ ಕುಳ್ಳ ಜನಾಂಗದವನು, ಡ್ವಾರ್ಫ್‌ಗಳೆಂಬ ಗಡ್ಡದ ಕುಳ್ಳರ ಜೊತೆ ಸ್ಮಾಗ್ ಎಂಬ ಡ್ರ್ಯಾಗನ್ ಕಾಯುವ ನಿಧಿ ಹುಡುಕಿ ಹೊರಡುವ ಕಥೆ ಅದು. ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗುವುದು ಕಷ್ಟ. ಯಾಕೆಂದರೆ ಈ ಪುಸ್ತಕದ ಕಥೆ ಏನು ಎಂದು ಹೇಳಬೇಕಾದರೂ ಯಾವ ವರ್ಷದ ಮುದ್ರಣ ಎಂದು ಮೊದಲು ಕೇಳಬೇಕು!

ಒಳಗಿನ ದನಿ, ಹೊರಗಿನ ದನಿ

ಎರಡು ವಾಕ್ಯ ನೋಡಿ. ‘ಸ್ಮಾಗ್ ಒಂಟಿ ಪರ್ವತದಲ್ಲಿ ವಾಸಿಸುವ ಕ್ರೂರ ಡ್ರ್ಯಾಗನ್. ಅವನು ಡ್ವಾರ್ಫ್‌ಗಳ ಸಂಪತ್ತನ್ನು ದೋಚಿದ.’ ಇದು ಕಥೆಯ ಒಳಗೆ ನಿಂತು ಮಾತಾಡುವ ದನಿ. ಸ್ಮಾಗ್ ನಿಜವಾಗಿ ಬದುಕಿದ್ದ ಜೀವಿಯೇನೋ ಎಂಬಂತೆ ಬರೆದಿದೆ.

ಈಗ ಇನ್ನೊಂದು. ‘ಸ್ಮಾಗ್ ಕಾದಂಬರಿಯ ಮುಖ್ಯ ಎದುರಾಳಿ. ನಿಧಿಯಿಂದ ಒಂದು ಬಟ್ಟಲು ಕಳುವಾದಾಗ ಡ್ರ್ಯಾಗನ್ ಕೆರಳುವ ಸನ್ನಿವೇಶಕ್ಕೆ ಹಳೆಯ ಇಂಗ್ಲಿಷ್ ಕಾವ್ಯ ಬಿಯೊವುಲ್ಫ್‌ನಲ್ಲಿ ಮೂಲವಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ.’ ಇಲ್ಲಿ ಬರೆಯುವವರು ಕಥೆಯ ಹೊರಗೆ, ನಮ್ಮ ಲೋಕದಲ್ಲಿ ನಿಂತಿದ್ದಾರೆ. ಲೇಖಕ ಇದ್ದಾನೆ, ಓದುಗ ಇದ್ದಾನೆ, ಪರಂಪರೆ ಇದೆ. ವಿಕಿಪೀಡಿಯದ ಶೈಲಿ ಮಾರ್ಗಸೂಚಿ ಕೇಳುವುದು ಈ ಎರಡನೆಯ ದನಿಯನ್ನು.

ಎರಡನೆಯದಕ್ಕೆ ಕೆಲಸ ಜಾಸ್ತಿ, ನಿಜ. ಮೊದಲನೆಯದಕ್ಕೆ ಕಾದಂಬರಿ ಓದಿದ್ದರೆ ಸಾಕು. ಎರಡನೆಯದಕ್ಕೆ ಕಾದಂಬರಿಯ ಬಗ್ಗೆ ಬೇರೆಯವರು ಬರೆದದ್ದನ್ನೂ ಓದಬೇಕು. ಲೇಖನ ಸುಧಾರಿಸುವ ಕೆಲಸದಲ್ಲಿ ಹೆಚ್ಚು ಸಮಯ ಹೋಗುವುದು ಈ ಓದಿಗೇ. ಟೈಪ್ ಮಾಡುವುದು ಕೊನೆಯ ಹಂತ.

ಕಥಾ ಸಾರಾಂಶ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಾದಂಬರಿಯ ಸಾರಾಂಶಕ್ಕೆ ಸುಮಾರು 700 ಪದಗಳ ಮಿತಿ ಇಟ್ಟುಕೊಳ್ಳುತ್ತಾರೆ. ಕನ್ನಡದಲ್ಲಿ ಒಂದೇ ಪದ ಜಾಸ್ತಿ ಭಾರ ಹೊರುತ್ತದೆ. ಹಾಗಾಗಿ 450 ಪದ ದಾಟದಂತೆ ಬರೆದರೆ ಚೆನ್ನ ಎಂದು ನನ್ನ ಅನಿಸಿಕೆ. ‘ದಿ ಹಾಬಿಟ್’ನಲ್ಲಿ 19 ಅಧ್ಯಾಯಗಳಿವೆ. ಅಧ್ಯಾಯಕ್ಕೊಂದು ಪ್ಯಾರಾ ಎಂದು ಹೊರಟರೆ ಮುಗಿಯುವುದೇ ಇಲ್ಲ.

ಏನು ಬಿಡಬೇಕು, ಏನು ಇಡಬೇಕು? ಟ್ರೋಲ್‌ಗಳ ಪ್ರಸಂಗವನ್ನು ಒಂದು ವಾಕ್ಯಕ್ಕೆ ಇಳಿಸಬಹುದು. ಮಿರ್ಕ್‌ವುಡ್ ಕಾಡಿನ ಜೇಡಗಳು, ಪೀಪಾಯಿಗಳಲ್ಲಿ ಕೂತು ತಪ್ಪಿಸಿಕೊಳ್ಳುವುದು, ಇವೂ ಹಾಗೆಯೇ. ತೊಟ್ಟವರನ್ನು ಕಣ್ಣಿಗೆ ಕಾಣದಂತೆ ಮಾಡುವ ಉಂಗುರ ಬಿಲ್ಬೊಗೆ ಸಿಗುವುದನ್ನು ಬಿಡುವಂತಿಲ್ಲ. ಸ್ಮಾಗ್‌ನನ್ನು ಕೊಲ್ಲುವುದು ಬಿಲ್ಬೊ ಅಲ್ಲ, ಬಾರ್ಡ್ ಎಂಬ ಬಿಲ್ಲುಗಾರ ಎನ್ನುವುದನ್ನೂ ಬಿಡುವಂತಿಲ್ಲ.

ಇನ್ನೊಂದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಡ್ವಾರ್ಫ್‌ಗಳ ನಾಯಕ ಥೋರಿನ್‌ಗೆ ಪ್ರಾಣಕ್ಕಿಂತ ಹೆಚ್ಚಾದ ಆರ್ಕೆನ್‌ಸ್ಟೋನ್ ರತ್ನವನ್ನು ಬಿಲ್ಬೊ ಗುಟ್ಟಾಗಿ ಎದುರು ಪಾಳೆಯದವರಿಗೆ ಕೊಡುತ್ತಾನೆ. ಯುದ್ಧ ತಪ್ಪಲಿ ಎಂಬ ಆಸೆಯಿಂದ ತನ್ನ ಗೆಳೆಯರ ಸಿಟ್ಟಿಗೆ ಗುರಿಯಾಗಲು ಒಪ್ಪುತ್ತಾನೆ. ಬಿಲ್ಬೊ ಎಷ್ಟು ಬೆಳೆದಿದ್ದಾನೆ ಎಂದು ಗೊತ್ತಾಗುವುದೇ ಇಲ್ಲಿ. ಯುದ್ಧದ ವಿವರಕ್ಕೆ ನಾಲ್ಕು ಸಾಲು ಕೊಟ್ಟು ಇದನ್ನು ಕೈಬಿಟ್ಟರೆ ಆ ಸಾರಾಂಶ ಓದಿದವರಿಗೆ ಕಾದಂಬರಿ ಅರ್ಥವಾಗಿರುವುದಿಲ್ಲ.

ಸಾರಾಂಶಕ್ಕೆ ಪ್ರತ್ಯೇಕ ಉಲ್ಲೇಖ ಬೇಕಿಲ್ಲ, ಪುಸ್ತಕವೇ ಅದರ ಆಧಾರ. ಆದರೆ ಪುಸ್ತಕದಲ್ಲಿ ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳಬೇಕು. ‘ಥೋರಿನ್‌ನ ದುರಾಸೆ ಬಂಡವಾಳಶಾಹಿಯ ಸಂಕೇತ’ ಎಂದು ಬರೆದ ಕೂಡಲೇ ಅದು ವ್ಯಾಖ್ಯಾನ. ಅದನ್ನು ಯಾರು, ಎಲ್ಲಿ ಹೇಳಿದ್ದಾರೆ ಎಂದು ತೋರಿಸಲೇಬೇಕು.

ಯಾವ ಮುದ್ರಣದ ಕಥೆ?

ಈ ಲೇಖನದ ಜೀವ ಇರುವುದು ಇಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪುಸ್ತಕ ಮೊದಲು ಬಂದದ್ದು 1937ರ ಸೆಪ್ಟೆಂಬರ್ 21ರಂದು, ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಪ್ರಕಾಶನದಿಂದ. ಅಚ್ಚಾದದ್ದು 1,500 ಪ್ರತಿ. ಡಿಸೆಂಬರ್ ಹೊತ್ತಿಗೆ ಎಲ್ಲವೂ ಮಾರಾಟವಾಗಿದ್ದವು. ಆ 1937ರ ಪುಸ್ತಕದ ಐದನೇ ಅಧ್ಯಾಯದಲ್ಲಿ ಬಿಲ್ಬೊ ಮತ್ತು ಗೊಲಮ್ ಎಂಬ ವಿಚಿತ್ರ ಜೀವಿ ಕತ್ತಲ ಗುಹೆಯಲ್ಲಿ ಒಗಟಿನ ಪಂದ್ಯ ಆಡುತ್ತಾರೆ. ಬಿಲ್ಬೊ ಗೆದ್ದರೆ ಗೊಲಮ್ ಒಂದು ಉಡುಗೊರೆ ಕೊಡಬೇಕು. ಆ ಉಡುಗೊರೆಯೇ ಉಂಗುರ. ಬಿಲ್ಬೊ ಗೆಲ್ಲುತ್ತಾನೆ. ಗೊಲಮ್ ಉಂಗುರ ಹುಡುಕುತ್ತಾನೆ, ಸಿಗುವುದಿಲ್ಲ. ಅದು ಆಗಲೇ ಬಿಲ್ಬೊ ಕೈಸೇರಿರುತ್ತದೆ. ಪಾಪ, ಕ್ಷಮೆ ಕೇಳುತ್ತಾನೆ! ಬದಲಿಗೆ ಹೊರಗೆ ಹೋಗುವ ದಾರಿ ತೋರಿಸು ಎಂದು ಬಿಲ್ಬೊ ಕೇಳುತ್ತಾನೆ. ಗೊಲಮ್ ತೋರಿಸುತ್ತಾನೆ. ಜಗಳವಿಲ್ಲದೆ ಬೇರೆಯಾಗುತ್ತಾರೆ.

ಇವತ್ತು ಅಂಗಡಿಯಲ್ಲಿ ಸಿಗುವ ಪುಸ್ತಕದಲ್ಲಿ ಹೀಗಿಲ್ಲ. ಪಂದ್ಯದ ಪಣ ದಾರಿ ತೋರಿಸುವುದು, ಅಷ್ಟೇ. ಸೋತ ಗೊಲಮ್, ಉಂಗುರ ತೊಟ್ಟು ಬಂದು ಬಿಲ್ಬೊನನ್ನು ಕೊಲ್ಲೋಣ ಎಂದು ಉಂಗುರ ತರಲು ಹೊರಡುತ್ತಾನೆ. ಉಂಗುರ ಕಾಣದೆ ಹುಚ್ಚನಂತಾಗುತ್ತಾನೆ, ಬಿಲ್ಬೊ ಕದ್ದಿದ್ದಾನೆ ಎಂದು ಕಿರುಚುತ್ತಾನೆ. ಮಾಯವಾಗಿರುವ ಬಿಲ್ಬೊಗೆ ಅವನನ್ನು ಕೊಲ್ಲುವ ಅವಕಾಶ ಸಿಗುತ್ತದೆ. ಆದರೆ ಕನಿಕರ ಬಂದು, ಅವನ ತಲೆಯ ಮೇಲಿಂದ ಹಾರಿ ಓಡಿಹೋಗುತ್ತಾನೆ.

ಈ ಬದಲಾವಣೆಗೆ ಕಾರಣ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಮುಂದಿನ ಕಥೆ ಬರೆಯುತ್ತಾ ಹೋದಂತೆ ಮಕ್ಕಳ ಕಥೆಯ ಮಾಯದ ಉಂಗುರ ಭಯಂಕರವಾದ ಒಂದು ವಸ್ತುವಾಗಿ ಬೆಳೆಯಿತು. ಅಂಥ ಉಂಗುರವನ್ನು ಗೊಲಮ್ ಸುಮ್ನೆ ಬಹುಮಾನವಾಗಿ ಕೊಡುವುದಕ್ಕೆ ಆಗುತ್ತಾ? 1947ರಲ್ಲಿ ಟೋಲ್ಕಿನ್ ಆ ಅಧ್ಯಾಯವನ್ನು ಹೊಸದಾಗಿ ಬರೆದು, ಹೀಗೂ ಮಾಡಬಹುದು ಎಂದು ಒಂದು ಮಾದರಿಯಾಗಿ ಪ್ರಕಾಶಕರಿಗೆ ಕಳಿಸಿದರು. 1950ರಲ್ಲಿ ಕರಡಚ್ಚು ಕೈಗೆ ಬಂದಾಗ ಆ ಮಾದರಿಯೇ ಪುಸ್ತಕದೊಳಗೆ ಸೇರಿಹೋಗಿತ್ತು. ಅವರಿಗೇ ಆಶ್ಚರ್ಯವಾಯಿತು. 1951ರ ಎರಡನೇ ಆವೃತ್ತಿ ಹೀಗೆ ಬಂತು. ಹಳೆಯ ಕಥೆ ಬಿಲ್ಬೊ ಹೇಳಿದ ಸುಳ್ಳು ಎಂದು ಟೋಲ್ಕಿನ್ ಕಥೆಯೊಳಗೇ ಒಂದು ಸಮಜಾಯಿಷಿಯನ್ನೂ ಕೊಟ್ಟರು.

ವಿಶ್ವಕೋಶದ ಲೇಖನದಲ್ಲಿ ಈ ಎರಡು ಕಾರಣಗಳನ್ನು ಬೇರೆಬೇರೆ ಇಡಬೇಕು. ‘ಬಿಲ್ಬೊ ಮೊದಲು ಸುಳ್ಳು ಹೇಳಿದ್ದ’ ಎನ್ನುವುದು ಕಥೆಯೊಳಗಿನ ಕಾರಣ. ‘ಲೇಖಕರು 1951ರಲ್ಲಿ ತಿದ್ದಿದರು’ ಎನ್ನುವುದು ನಿಜ ಜಗತ್ತಿನ ಕಾರಣ. ಎರಡನ್ನೂ ಬೆರೆಸಿ ಬರೆದರೆ ಓದುಗರಿಗೆ ಏನಾಯಿತೆಂದೇ ಗೊತ್ತಾಗುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1960ರಲ್ಲಿ ಟೋಲ್ಕಿನ್ ಇಡೀ ಪುಸ್ತಕವನ್ನು ಗಂಭೀರ ಧಾಟಿಯಲ್ಲಿ ಮತ್ತೆ ಬರೆಯಲು ಶುರುಮಾಡಿ, ಕೆಲವೇ ಅಧ್ಯಾಯಗಳ ನಂತರ ಕೈಬಿಟ್ಟರು. 1965ರಲ್ಲಿ ಅಮೆರಿಕದ ಏಸ್ ಬುಕ್ಸ್ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಅನುಮತಿ ಇಲ್ಲದೆ ಅಚ್ಚು ಹಾಕಿತು. ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಗಟ್ಟಿಮಾಡಿಕೊಳ್ಳಲು ‘ದಿ ಹಾಬಿಟ್’ ಅನ್ನೂ ತಿದ್ದಬೇಕಾಯಿತು. 1966ರ ಮೂರನೇ ಆವೃತ್ತಿಯ ಹಿಂದಿರುವ ಕಾರಣ ಇದು. ಆ ಸಲ ಮೊದಲ ಅಧ್ಯಾಯದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಕೇಳುವ ತಣ್ಣನೆ ಕೋಳಿ ಮತ್ತು ಟೊಮೆಟೊ, ತಣ್ಣನೆ ಕೋಳಿ ಮತ್ತು ಉಪ್ಪಿನಕಾಯಿ ಆಯಿತು. ಲೇಖನದಲ್ಲಿ ಇದಕ್ಕೆ ಅರ್ಧ ಸಾಲು ಕೊಡಬಹುದು. ನನಗೆ ಬಹಳ ಇಷ್ಟವಾದ ವಿವರ, ಬಿಡಲು ಮನಸ್ಸು ಬರುವುದಿಲ್ಲ.

ಹುಟ್ಟಿನ ಕಥೆ, ಆಧಾರದ ತೂಕ

ಪರೀಕ್ಷೆ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಒಂದು ಖಾಲಿ ಹಾಳೆ ಸಿಕ್ಕಿತು, ಅದರ ಮೇಲೆ ಟೋಲ್ಕಿನ್ ಮೊದಲ ವಾಕ್ಯ ಗೀಚಿದರು. ಇದು ಎಲ್ಲರೂ ಹೇಳುವ ಕಥೆ. ಇದರ ಆಧಾರ ಅವರೇ 1955ರಲ್ಲಿ ಕವಿ ಡಬ್ಲ್ಯೂ. ಎಚ್. ಆಡೆನ್‌ಗೆ ಬರೆದ ಪತ್ರ. ಅಂದರೆ ಘಟನೆಯಾಗಿ ಎಷ್ಟೋ ವರ್ಷಗಳಾದ ಮೇಲಿನ ನೆನಪು. ಹಾಗಾಗಿ ‘ಟೋಲ್ಕಿನ್ ನೆನಪಿಸಿಕೊಂಡಂತೆ’ ಎಂದು ಶುರುಮಾಡುವುದು ಸರಿ. ಒಂದು ನಿರ್ದಿಷ್ಟ ವರ್ಷ ಹಾಕಿ ಖಚಿತ ಸಂಗತಿ ಮಾಡಬೇಡಿ, ವಿದ್ವಾಂಸರು ಆ ವರ್ಷದ ಬಗ್ಗೆ ಒಮ್ಮತಕ್ಕೆ ಬಂದಿಲ್ಲ.

ಇದಕ್ಕೆ ಹೋಲಿಸಿದರೆ ರೇನರ್ ಅನ್ವಿನ್ ವರದಿಯ ಆಧಾರ ಗಟ್ಟಿ. ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಹಸ್ತಪ್ರತಿಯನ್ನು ತನ್ನ 10 ವರ್ಷದ ಮಗ ರೇನರ್‌ಗೆ ಓದಲು ಕೊಟ್ಟರು. ಅವನು 1936ರ ಅಕ್ಟೋಬರ್‌ನಲ್ಲಿ ಒಂದು ಚಿಕ್ಕ ವರದಿ ಬರೆದ. 5ರಿಂದ 9 ವರ್ಷದ ಮಕ್ಕಳಿಗೆ ಇಷ್ಟವಾಗುತ್ತದೆ ಎಂದ. ಸಂಭಾವನೆ ಒಂದು ಶಿಲಿಂಗ್. ಆ ವರದಿ ಆ ಹೊತ್ತಿನದೇ ಬರಹ. ನೆನಪಿಗೂ ಆ ಕಾಲದ ದಾಖಲೆಗೂ ಇರುವ ಈ ವ್ಯತ್ಯಾಸ ಲೇಖನದ ಭಾಷೆಯಲ್ಲೇ ಕಾಣಬೇಕು.

ಪ್ರಭಾವಗಳ ವಿಷಯದಲ್ಲೂ ಇದೇ ಎಚ್ಚರ. ಗ್ಯಾಂಡಾಲ್ಫ್, ಥೋರಿನ್ ಮುಂತಾದ ಹೆಸರುಗಳು ಹಳೆಯ ನಾರ್ಸ್ ಕಾವ್ಯ ‘ವೊಲುಸ್ಪಾ’ದ ಪಟ್ಟಿಯಿಂದ ಬಂದವು. ಬಿಯೊವುಲ್ಫ್ ತಮ್ಮ ಬಹಳ ಮುಖ್ಯವಾದ ಆಕರಗಳಲ್ಲಿ ಒಂದು ಎಂದು ಟೋಲ್ಕಿನ್ 1938ರಲ್ಲಿ ‘ದಿ ಅಬ್ಸರ್ವರ್’ ಪತ್ರಿಕೆಗೆ ಬರೆದರು. ಜೊತೆಗೆ, ಬರೆಯುವಾಗ ಅದು ಬೇಕೆಂದೇ ಮನಸ್ಸಿನಲ್ಲಿ ಇರಲಿಲ್ಲ ಎಂದೂ ಹೇಳಿದರು. ಈ ಎರಡನೇ ಭಾಗವನ್ನು ಕತ್ತರಿಸಿದರೆ ಅವರ ಮಾತಿಗೆ ಅನ್ಯಾಯವಾಗುತ್ತದೆ.

ಒಗಟಿನ ಅಧ್ಯಾಯ ಓದುವಾಗ ಕನ್ನಡದವರಿಗೆ ಯಕ್ಷಪ್ರಶ್ನೆ ನೆನಪಾಗದೇ ಇರುವುದಿಲ್ಲ, ಅಲ್ವಾ? ನೀರಿನ ದಂಡೆ, ಪ್ರಾಣದ ಮೇಲೆ ಪಣ, ಪ್ರಶ್ನೆಯ ಮೇಲೆ ಪ್ರಶ್ನೆ. ಹೋಲಿಕೆ ಚೆನ್ನಾಗಿದೆ. ಆದರೆ ಅದು ನಮ್ಮ ಸ್ವಂತ ಯೋಚನೆಯಾಗಿದ್ದರೆ ವಿಕಿಪೀಡಿಯದಲ್ಲಿ ಜಾಗವಿಲ್ಲ. ಸ್ವಂತ ಸಂಶೋಧನೆ ಸಲ್ಲದು ಎನ್ನುವುದು ಅಲ್ಲಿನ ಮೂರು ಮೂಲ ನೀತಿಗಳಲ್ಲಿ ಒಂದು. ಪರಿಶೀಲನಾರ್ಹತೆ ಮತ್ತು ತಟಸ್ಥ ದೃಷ್ಟಿಕೋನ ಉಳಿದೆರಡು. ಆ ಯೋಚನೆಯನ್ನು ಒಂದು ಪ್ರಬಂಧವಾಗಿ ಬರೆದು ಪತ್ರಿಕೆಗೆ ಕಳಿಸಿ. ಬರೆಯಲೇಬೇಕಾದ ವಿಷಯ ಅದು.

ವಿಮರ್ಶೆ, ಸಿನಿಮಾ, ಚಿತ್ರ

ಪುಸ್ತಕ ಬಂದ ಕೂಡಲೇ ‘ದಿ ಟೈಮ್ಸ್’ ಮತ್ತು ಅದರ ಸಾಹಿತ್ಯ ಪುರವಣಿಯಲ್ಲಿ ಹೊಗಳಿಕೆ ಬಂತು. ವಿಮರ್ಶಕರ ಹೆಸರು ಅಚ್ಚಾಗಿರಲಿಲ್ಲ. ಎರಡನ್ನೂ ಬರೆದವರು ಸಿ. ಎಸ್. ಲೂಯಿಸ್, ಟೋಲ್ಕಿನ್‌ರ ಆಪ್ತ ಗೆಳೆಯರು. 1933ರಲ್ಲೇ ಹಸ್ತಪ್ರತಿ ಓದಿದ್ದವರು. ಇದನ್ನು ಹೇಳದೆ ‘ದಿ ಟೈಮ್ಸ್ ಮೆಚ್ಚಿಕೊಂಡಿತು’ ಎಂದಷ್ಟೇ ಬರೆದರೆ ತಟಸ್ಥತೆ ತಪ್ಪುತ್ತದೆ. ಲೂಯಿಸ್ ಒಳ್ಳೆಯ ಓದುಗರು, ಅವರ ಮೆಚ್ಚುಗೆ ಮನಸ್ಸಿನಿಂದ ಬಂದದ್ದೇ. ಆದರೂ ಈ ಸಂಬಂಧ ಓದುಗರಿಗೆ ತಿಳಿದಿರಬೇಕು.

ಪೀಟರ್ ಜಾಕ್ಸನ್ ಅವರ ಮೂರು ಸಿನಿಮಾಗಳು 2012, 2013, 2014ರಲ್ಲಿ ಬಂದ ಮೇಲೆ ಈ ಲೇಖನಕ್ಕೆ ಒಂದು ಹೊಸ ತೊಂದರೆ ಶುರುವಾಯಿತು. ಟಾರಿಯಲ್ ಎಂಬ ಎಲ್ಫ್ ಹೆಣ್ಣು ಪುಸ್ತಕದಲ್ಲಿ ಇಲ್ಲ. ಲೆಗೊಲಾಸ್ ಕೂಡ ಈ ಪುಸ್ತಕದಲ್ಲಿ ಇಲ್ಲ. ಅಜೋಗ್ ಎಂಬ ಗಾಬ್ಲಿನ್ ಈ ಕಥೆ ಶುರುವಾಗುವ ಮೊದಲೇ ಸತ್ತಿರುತ್ತಾನೆ. ಪಾತ್ರಗಳ ವಿಭಾಗದಲ್ಲಿ ಈ ಮೂವರು ಕಂಡರೆ ಸಿನಿಮಾದ ವಿಭಾಗಕ್ಕೆ ಸಾಗಿಸಿ.

ಮುಖಪುಟದ ಚಿತ್ರ ಬರೆದವರು ಸ್ವತಃ ಟೋಲ್ಕಿನ್. ಸೂರ್ಯನಿಗೆ ಕೆಂಪು ಬಣ್ಣ ಬೇಕೆಂದಿದ್ದರು, ಖರ್ಚು ಹೆಚ್ಚುತ್ತದೆಂದು ಪ್ರಕಾಶಕರು ಕೆಂಪನ್ನು ಕೈಬಿಟ್ಟರು. ಆ ಚಿತ್ರವನ್ನು ಕಾಮನ್ಸ್‌ಗೆ, ಅಂದರೆ ವಿಕಿಪೀಡಿಯ ಬಳಸುವ ಮುಕ್ತ ಪರವಾನಗಿಯ ಚಿತ್ರಗಳ ಭಂಡಾರಕ್ಕೆ, ಏರಿಸುವಂತಿಲ್ಲ. ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ, ಬ್ರಿಟನ್ನಿನಲ್ಲಿ ಹಕ್ಕುಸ್ವಾಮ್ಯ 2043ರ ಕೊನೆಯವರೆಗೆ ಇರುತ್ತದೆ. ಬದಲಿಗೆ ಆಕ್ಸ್‌ಫರ್ಡ್‌ನ ನಾರ್ತ್‌ಮೂರ್ ರಸ್ತೆಯ 20ನೇ ನಂಬರಿನ ಮನೆಯ ಮುಕ್ತ ಪರವಾನಗಿಯ ಫೋಟೋ ಹಾಕಬಹುದು. 1930ರಿಂದ 1947ರವರೆಗೆ ಅವರು ಅಲ್ಲಿದ್ದರು.

ಪೀಠಿಕೆ ಕೊನೆಗೆ

ಲೇಖನದ ಮೊದಲ ಪ್ಯಾರಾವನ್ನು ಎಲ್ಲ ಮುಗಿದ ಮೇಲೆ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ:

‘ದಿ ಹಾಬಿಟ್ ಇಂಗ್ಲಿಷ್ ಲೇಖಕ ಜೆ. ಆರ್. ಆರ್. ಟೋಲ್ಕಿನ್ ಬರೆದ ಮಕ್ಕಳ ಫ್ಯಾಂಟಸಿ ಕಾದಂಬರಿ. 1937ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆರಾಮದ ಬದುಕಿಗೆ ಒಗ್ಗಿದ ಬಿಲ್ಬೊ ಬ್ಯಾಗಿನ್ಸ್, 13 ಡ್ವಾರ್ಫ್‌ಗಳು ಮತ್ತು ಮಾಂತ್ರಿಕ ಗ್ಯಾಂಡಾಲ್ಫ್ ಜೊತೆ ಡ್ರ್ಯಾಗನ್ ಕಾಯುವ ನಿಧಿಯನ್ನು ಹುಡುಕಿ ಹೊರಡುವುದು ಇದರ ಕಥೆ. ಮುಂದೆ ಬಂದ ದಿ ಲಾರ್ಡ್ ಆಫ್ ದಿ ರಿಂಗ್ಸ್‌ಗೆ ಹೊಂದುವಂತೆ ಲೇಖಕರು 1951ರಲ್ಲಿ ಐದನೇ ಅಧ್ಯಾಯವನ್ನು ಬದಲಿಸಿದರು. 1938ರಲ್ಲಿ ಇದಕ್ಕೆ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಮಕ್ಕಳ ಸಾಹಿತ್ಯ ಬಹುಮಾನ ಬಂತು.’

ಮಾರಾಟದ ಅಂಕಿಯನ್ನು ಬೇಕೆಂದೇ ಬಿಟ್ಟಿದ್ದೇನೆ. 3.5 ಕೋಟಿಯಿಂದ 10 ಕೋಟಿವರೆಗೆ ಅಂದಾಜುಗಳು ಓಡಾಡುತ್ತಿವೆ. ಇಷ್ಟು ಅಂತರವಿರುವ ಅಂಕಿಯನ್ನು ಪೀಠಿಕೆಗೆ ತರುವ ಬದಲು, ಯಾರು ಯಾವ ಅಂದಾಜು ಮಾಡಿದರು ಎಂದು ಲೇಖನದ ಒಳಗೆ ವಿವರಿಸಬಹುದು. ಇಂಗ್ಲಿಷ್ ಲೇಖನದಿಂದ ಯಾವುದೇ ಭಾಗ ಅನುವಾದ ಮಾಡಿದ್ದರೆ ಉಳಿಸುವ ಮೊದಲು ಸಂಪಾದನೆಯ ಸಾರಾಂಶದಲ್ಲಿ ಆ ಲೇಖನದ ಹೆಸರು ಮತ್ತು ಕೊಂಡಿ ಹಾಕಿ. ಪರವಾನಗಿಯ ಪ್ರಕಾರ ಮೂಲ ಬರೆದವರಿಗೆ ಮನ್ನಣೆ ಸಲ್ಲಲೇಬೇಕು. ದೊಡ್ಡ ಬದಲಾವಣೆಯಾಗಿದ್ದರೆ ಚರ್ಚೆ ಪುಟದಲ್ಲಿ, ಏನು ತೆಗೆದಿರಿ, ಯಾಕೆ ತೆಗೆದಿರಿ ಎಂದು ಎರಡು ಸಾಲು ಬರೆದಿಡಿ.