ವಚನಗಳು ಯಾವ ಕಪಾಟಿಗೆ?

ಗ್ರಂಥಾಲಯದ ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಟ್ಟು ಕಪಾಟಿನಲ್ಲಿ ಜೋಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಕವಿತೆಗೆ 821 ಸಾಕು. ಕನ್ನಡ ಕವಿತೆಗೆ 894.8141 ಬೇಕು. 1876ರಲ್ಲಿ ಮೊದಲು ಪ್ರಕಟವಾದ ಈ ಅಮೆರಿಕನ್ ಪದ್ಧತಿ ಯುರೋಪಿನ ದೊಡ್ಡ ಭಾಷೆಗಳಿಗೆ ಮುಂದಿನ ಸಾಲುಗಳನ್ನು ಕೊಟ್ಟು, ಉಳಿದವರನ್ನೆಲ್ಲ 890ರಲ್ಲಿ ಒತ್ತಿ ಕೂರಿಸಿತು. ಧರ್ಮದಲ್ಲೂ ಅಷ್ಟೆ: 220ರಿಂದ 280ರವರೆಗೆ ಕ್ರೈಸ್ತ ಧರ್ಮ, ಹಿಂದೂ ಧರ್ಮಕ್ಕೆ 294.5.

ಹಾಗಿದ್ದರೆ ನಮ್ಮದೇ ದೇಶದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1933ರಲ್ಲಿ ಕೊಟ್ಟ ಕೋಲನ್ ವರ್ಗೀಕರಣ ಪದ್ಧತಿ ಏಕೆ ಬೇಡ? ವಿಷಯವನ್ನು ಬಿಡಿಸಿ ಜೋಡಿಸುವುದರಲ್ಲಿ ಅದು ಡ್ಯೂಯಿಗಿಂತ ಎಷ್ಟೋ ಮುಂದಿದೆ. ಆದರೆ ಆರನೆಯ ಆವೃತ್ತಿ ಬಂದದ್ದು 1960ರಲ್ಲಿ, ಏಳನೆಯದು 1987ರಲ್ಲಿ. ಪರಿಷ್ಕರಣೆ ಹೀಗೆ ಕುಂಟಿದರೆ ಹೊಸ ವಿಷಯಗಳಿಗೆ ನಂಬರ್ ಎಲ್ಲಿಂದ ತರುವುದು? ಮೇಲಾಗಿ, ಬೇರೆ ಗ್ರಂಥಾಲಯಗಳಿಂದ ಇಳಿಸಿಕೊಳ್ಳುವ ಕ್ಯಾಟಲಾಗ್ ದಾಖಲೆಗಳಲ್ಲಿ ಡ್ಯೂಯಿ ನಂಬರ್ ಸಿದ್ಧವಾಗಿಯೇ ಸಿಗುವುದುಂಟು. ಹೊಸ ವಿಶ್ವವಿದ್ಯಾಲಯದವರು ಕೇಳಿದರೆ ನಾನೂ ಡ್ಯೂಯಿಯನ್ನೇ ಹೇಳುತ್ತೇನೆ, ಮನಸ್ಸು ರಂಗನಾಥನ್ ಕಡೆಗಿದ್ದರೂ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಬಸವಣ್ಣನವರ ವಚನಗಳ ಸಂಪುಟ ಮೇಜಿಗೆ ಬಂತು ಎನ್ನಿ. ಸಾಹಿತ್ಯವೆಂದರೆ 894.8141. ಶೈವ ಧರ್ಮವೆಂದರೆ 294.5513. ಎರಡೂ ಸರಿ. ಒಬ್ಬ ಸಿಬ್ಬಂದಿ ಒಂದನ್ನು, ಮುಂದಿನ ವರ್ಷ ಬಂದವರು ಇನ್ನೊಂದನ್ನು ಹಾಕಿದರೆ ಸಂಪುಟಗಳು ಎರಡು ಮಹಡಿಗಳಿಗೆ ಹಂಚಿಹೋಗುತ್ತವೆ, ಕನ್ನಡ ಎಂ.ಎ. ವಿದ್ಯಾರ್ಥಿ ಅರ್ಧ ಮಾತ್ರ ನೋಡಿ ಹೋಗುತ್ತಾನೆ. ವಚನ ಪಠ್ಯವಿದ್ದರೆ ಸಾಹಿತ್ಯಕ್ಕೆ, ಷಟ್‌ಸ್ಥಲ ಸಿದ್ಧಾಂತದ ವಿವೇಚನೆಯಿದ್ದರೆ ಧರ್ಮಕ್ಕೆ ಎಂಬುದು ನನ್ನ ಪಾಲಿಸಿ. ಬೇರೆಯವರು ಬೇರೆ ಪಾಲಿಸಿ ಮಾಡಿಕೊಳ್ಳಲಿ, ಬರೆದಿಟ್ಟಿರಬೇಕು ಅಷ್ಟೆ.

ಒಂದೇ ವಿಷಯದ ನಂಬರ್ ಇರುವ ಪುಸ್ತಕಗಳನ್ನು ಬೇರ್ಪಡಿಸಲು ಅದರ ಜೊತೆಗೆ ಹಾಕುವ ಬುಕ್ ನಂಬರ್‌ನಲ್ಲೂ ಇದೇ ಕಷ್ಟ. ಕನ್ನಡ ಕಾದಂಬರಿಗಳೆಲ್ಲ 894.8143ರಲ್ಲೇ ಸೇರುವುದರಿಂದ, ಅಲ್ಲಿ ಪುಸ್ತಕ ಹುಡುಕಲು ಲೇಖಕರ ಹೆಸರಿನ ಅಕ್ಷರಗಳೇ ಗತಿ. ಒಂದು ಲೇಬಲ್ ಮೇಲೆ 'ಕುವೆಂ', ಇನ್ನೊಂದರ ಮೇಲೆ 'ಪುಟ್ಟ' ಎಂದಿದ್ದರೆ ಕುವೆಂಪು ಅವರ ಎರಡು ಕಾದಂಬರಿಗಳ ನಡುವೆ ಹಲವು ಲೇಖಕರು ಬಂದು ಕೂರುತ್ತಾರೆ. ಕಂಪ್ಯೂಟರ್‌ನಲ್ಲಿ ಹುಡುಕಿದರೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಹೆಸರು ಗೊತ್ತಿರುವ ಪುಸ್ತಕಕ್ಕೆ ಆ ಮಾತು ಸರಿ. ಕಪಾಟಿನ ಮುಂದೆ ನಿಂತು ಪಕ್ಕದ ಪುಸ್ತಕಕ್ಕೆ ಕೈ ಹಾಕುವ ಓದುಗನಿಗಲ್ಲ.