ಡಿ ಡ್ರೈವ್ ಹೋಗಿ ‘ಇ’ ಬಂತು, ಲೆಕ್ಕದ ಸಾಫ್ಟ್‌ವೇರ್ ಮುನಿಸಿಕೊಂಡಿತು

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿ ಇದೆ. ಕಂಪ್ಯೂಟರ್ ತುಂಬಾ ನಿಧಾನ ಎಂದು ತುಮಕೂರಿಗೆ ಒಯ್ದು ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕ್) ಹಾಕಿಸಿದೆವು. ವೇಗವೇನೋ ಬಂತು. ಆದರೆ ಡಿ ಡ್ರೈವ್ ಇದ್ದದ್ದು ಈಗ ‘ಇ’ ಆಗಿದೆ. ಅದರಲ್ಲಿದ್ದ ಲೆಕ್ಕದ ಸಾಫ್ಟ್‌ವೇರ್, ಕನ್ನಡ ಟೈಪಿಂಗಿನ ‘ನುಡಿ’ ಎರಡೂ ತೆರೆಯುತ್ತಿಲ್ಲ. ಫೈಲುಗಳೆಲ್ಲ ಹಾಗೇ ಇವೆ. ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಉತ್ತರ: ಅದನ್ನು ಹೇಳುವ ಮೊದಲು ನನ್ನದೊಂದು ಪ್ರಶ್ನೆ. ಅಂಗಡಿಯವರು ನಿಮ್ಮ ಹಳೆಯ ವಿಂಡೋಸನ್ನೇ ಎಸ್‌ಎಸ್‌ಡಿಗೆ ಕಾಪಿ ಮಾಡಿದರೋ, ಇಲ್ಲ ಹೊಸದಾಗಿ ವಿಂಡೋಸ್ ಹಾಕಿದರೋ? ಡೆಸ್ಕ್‌ಟಾಪಿನ ಚಿತ್ರ, ಐಕಾನುಗಳು ಎಲ್ಲ ಮೊದಲಿನಂತೆಯೇ ಇದ್ದರೆ ಕಾಪಿ ಮಾಡಿದ್ದಾರೆ. ಹಾಗಿದ್ದರೆ ಇದು ಐದು ನಿಮಿಷದ ಕೆಲಸ.

ಆಗಿರುವುದು ಇಷ್ಟೇ. ಜಮೀನು ಇದ್ದಲ್ಲೇ ಇದೆ, ಸರ್ವೆ ನಂಬರ್ ಮಾತ್ರ ಬದಲಾಗಿದೆ. ಪಹಣಿಯಲ್ಲಿ ಹಳೇ ನಂಬರೇ ಉಳಿದಿದೆ. ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವಾಗ ‘ನಾನು ಡಿಯಲ್ಲಿ ಇಂಥ ಫೋಲ್ಡರಿನಲ್ಲಿದ್ದೇನೆ’ ಎಂದು ವಿಂಡೋಸಿನ ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕದಲ್ಲಿ ಬರೆಸಿಕೊಳ್ಳುತ್ತದೆ. ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಲ್ಲೂ ಅದೇ ವಿಳಾಸ. ಅದರದೇ ಸೆಟ್ಟಿಂಗ್ಸ್ ಫೈಲಿನಲ್ಲೂ ಅದೇ ವಿಳಾಸ ಇರಬಹುದು. ಈಗ ಎಲ್ಲರೂ ಡಿಗೆ ಹೋಗಿ ಬಾಗಿಲು ಬಡಿಯುತ್ತಿದ್ದಾರೆ.

ಪಹಣಿ ತಿದ್ದಿಸಲು ಅಲೆಯುವ ಬದಲು ಹಳೇ ನಂಬರನ್ನೇ ವಾಪಸ್ ಕೊಟ್ಟುಬಿಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿ ಈಗ ಯಾರ ಕೈಯಲ್ಲಿದೆ ನೋಡಿ. ಡಿವಿಡಿ ಡ್ರೈವ್ ಅಥವಾ ಯಾವುದೋ ಪೆನ್‌ಡ್ರೈವ್ ಅದನ್ನು ಹಿಡಿದುಕೊಂಡಿರಬಹುದು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’ ಆರಿಸಿ, ಝಡ್ ಕೊಟ್ಟು ದೂರ ಕಳಿಸಿ. ಆಮೇಲೆ ‘ಇ’ಗೂ ಹೀಗೇ ಮಾಡಿ ಡಿ ಎಂದು ಬದಲಾಯಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಮಧ್ಯೆ ‘ಕೆಲವು ಪ್ರೋಗ್ರಾಂ ಓಡದೇ ಇರಬಹುದು’ ಎಂಬ ಎಚ್ಚರಿಕೆ ಬರುತ್ತದೆ. ಅವು ಈಗಲೂ ಓಡುತ್ತಿಲ್ಲ, ಅಲ್ವಾ? ಎಸ್ ಒತ್ತಿ.

ಒಂದು ಜೋಪಾನ. ಅದೇ ಮೆನುವಿನಲ್ಲಿ ‘ಫಾರ್ಮ್ಯಾಟ್’, ‘ಡಿಲೀಟ್ ವಾಲ್ಯೂಮ್’ ಕೂಡ ಪಕ್ಕದಲ್ಲೇ ಕೂತಿರುತ್ತವೆ. ಅಕ್ಷರ ಬದಲಾಯಿಸಿದರೆ ಫೈಲಿಗೆ ಏನೂ ಆಗುವುದಿಲ್ಲ. ಆ ಎರಡನ್ನು ಒತ್ತಿದರೆ ವರ್ಷಗಳ ಲೆಕ್ಕ ಹೋಯಿತು. ಕೈ ಹಾಕುವ ಮೊದಲು ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಮತ್ತೆ, ಸಿ ತಂಟೆಗೆ ಹೋಗಬೇಡಿ. ವಿಂಡೋಸ್ ಕೂತಿರುವ ಅಕ್ಷರವನ್ನು ಇಲ್ಲಿ ಬದಲಾಯಿಸಲು ಬಿಡುವುದೂ ಇಲ್ಲ. (ಎಣಿಕೆ ಸಿಯಿಂದ ಯಾಕೆ ಶುರು ಎಂದು ಬಹಳ ಜನ ಕೇಳುತ್ತಾರೆ. ಎ, ಬಿ ಎರಡೂ ಫ್ಲಾಪಿಗಳ ಪಾಲಾಗಿದ್ದವು. ಫ್ಲಾಪಿ ಹೋದರೂ ಅವುಗಳ ಸೀಟು ಹಾಗೇ ಉಳಿದಿದೆ.)

ಇದನ್ನು ಬೇಗ ಮಾಡಿ. ಇಷ್ಟರಲ್ಲಿ ‘ಇ’ಯಲ್ಲಿ ಹೊಸದೇನಾದರೂ ಇನ್‌ಸ್ಟಾಲ್ ಮಾಡಿದ್ದರೆ, ಡಿ ವಾಪಸ್ ಬಂದ ಮೇಲೆ ಅದು ಕೆಡುತ್ತದೆ. ಹಾಗೇನಾದರೂ ಆಗಿದ್ದರೆ, ಅಕ್ಷರ ಮುಟ್ಟದೆ ಸಬ್‌ಸ್ಟ್ ಎಂಬ ಕಮಾಂಡ್ ಬಳಸಬಹುದು. ಅದು ‘ಇ’ಗೆ ಡಿ ಎಂಬ ಇನ್ನೊಂದು ಹೆಸರು ಕೊಡುತ್ತದೆ. ಡಿ ಖಾಲಿ ಇರಬೇಕು ಅಷ್ಟೇ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಡಿ. ಹಾಗೆ ಕೊಟ್ಟ ಹೆಸರು ಮಾಮೂಲಿಯಾಗಿ ತೆರೆದ ಸಾಫ್ಟ್‌ವೇರ್ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಇದೇ ಕಾರಣಕ್ಕೆ ನಾನೊಮ್ಮೆ ಅರ್ಧ ಗಂಟೆ ಸುಮ್ನೆ ತಲೆ ಕೆರೆದುಕೊಂಡಿದ್ದೇನೆ. ಇನ್ನೊಂದು ಕೊರತೆ ಎಂದರೆ ರೀಸ್ಟಾರ್ಟ್ ಆದರೆ ಈ ಹೆಸರು ಅಳಿಸಿಹೋಗುತ್ತದೆ. ಲಾಗಿನ್ ಆಗುವ ಮೊದಲೇ ಎದ್ದು ಕೂರುವ ಸರ್ವಿಸ್‌ಗಳಿಗೆ (ತೆರೆಮರೆಯಲ್ಲಿ ಓಡುವ ಪ್ರೋಗ್ರಾಂಗಳಿಗೆ) ಇದರಿಂದ ಪ್ರಯೋಜನವಿಲ್ಲ. ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸ್ ಅಂಥ ಸರ್ವಿಸ್ ಮೇಲೆ ನಿಂತಿದ್ದರೆ ಈ ದಾರಿ ಹಿಡಿಯಬೇಡಿ.

ರಿಜಿಸ್ಟ್ರಿಯಲ್ಲಿ ಡಿ ಎಂದಿರುವ ಕಡೆಯೆಲ್ಲ ‘ಇ’ ಎಂದು ತಿದ್ದಲು ಕೆಲವರು ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಅಂಥ ಜಾಗ ಒಂದೆರಡಲ್ಲ. ಒಂದು ಕಡೆ ತಪ್ಪಾದರೆ ಹುಡುಕುವುದೂ ಕಷ್ಟ. ಅಷ್ಟು ಹೊತ್ತಿನಲ್ಲಿ ಹೊಸದಾಗಿ ಇನ್‌ಸ್ಟಾಲೇ ಮುಗಿದಿರುತ್ತದೆ.

ಇನ್ನು ಹೊಸ ವಿಂಡೋಸ್ ಹಾಕಿದ್ದಾರೆ ಎಂದಾದರೆ ಕಥೆ ಬೇರೆ. ಯಾವ ಡಿಸ್ಕಿಗೆ ಯಾವ ಅಕ್ಷರ ಎಂಬುದನ್ನೂ ವಿಂಡೋಸ್ ರಿಜಿಸ್ಟ್ರಿಯಲ್ಲೇ ಇಟ್ಟುಕೊಳ್ಳುತ್ತದೆ. ಆ ಪುಸ್ತಕವೇ ಹೊಸದಾದ ಮೇಲೆ ಹಳೇ ಅಕ್ಷರವೂ ನೆನಪಿಲ್ಲ, ಸಾಫ್ಟ್‌ವೇರ್ ಇತ್ತು ಎಂಬುದೂ ನೆನಪಿಲ್ಲ. ಆಗ ಡಿ ವಾಪಸ್ ಕೊಟ್ಟರೂ ಸಾಮಾನ್ಯವಾಗಿ ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು. ಆದರೂ ಮೊದಲು ಅಕ್ಷರ ಸರಿಮಾಡಿ, ಲೆಕ್ಕದ ಕಾಪಿ ಬೇರೆ ಕಡೆ ಇದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಇನ್‌ಸ್ಟಾಲ್ ಮಾಡಿ. ಮುಗಿದ ಮೇಲೆ ಸಾಫ್ಟ್‌ವೇರಿನ ಡೇಟಾ ಪಾತ್‌ನಲ್ಲಿ ನಿಮ್ಮ ಹಳೇ ಫೋಲ್ಡರ್ ತೋರಿಸಿದರೆ ಲೆಕ್ಕ ಕಾಣಿಸಿಕೊಳ್ಳಬೇಕು.

ಮುಂದಿನ ಸಲ ತುಮಕೂರಿಗೆ ಒಯ್ಯುವ ಮುನ್ನ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಒಂದು ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ರಿಪೇರಿ ಮಾಡುವವರಿಗೆ ಅದನ್ನೇ ತೋರಿಸಿ, ‘ಅಕ್ಷರ ಹೀಗೇ ಇರಬೇಕು’ ಎಂದುಬಿಡಿ.